ಪ್ರೌಢಶಾಲೆಯಲ್ಲಿ ಧರ್ಮಗಳ ಪಾಠ ಹೇಳಲು ಸಿದ್ಧರಾಗುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಪ್ರೌಢಶಾಲೆಗಳಲ್ಲಿ ಧರ್ಮ ಮತ್ತು ಮೌಲ್ಯಗಳ ಪಾಠ ಹೇಳಬೇಕೆಂಬ ಆಸೆಯಿಂದ ಶಿಕ್ಷಕ ವೃತ್ತಿಗೆ ಬರುವವರು ಮೊದಲು ಒಂದು ಸಂಗತಿಯನ್ನು ತಿಳಿದಿರಬೇಕು. ಇಂಗ್ಲೆಂಡಿನಲ್ಲಿರುವಂತೆ ಧರ್ಮಶಿಕ್ಷಣವೆಂಬ ವಿಷಯಕ್ಕೆಂದೇ ತರಬೇತಿ ಪಡೆದು, ಆ ಹುದ್ದೆಗೇ ನೇಮಕವಾಗುವ ಪದ್ಧತಿ ನಮ್ಮ ಪ್ರೌಢಶಾಲೆಗಳಲ್ಲಿ ಇಲ್ಲ. ಸಮಾಜ ವಿಜ್ಞಾನಕ್ಕೋ ಭಾಷೆಗೋ ಸೇರಿದ ಶಿಕ್ಷಕರ ಟೈಂ ಟೇಬಲ್‌ನಲ್ಲಿಯೇ ನೀತಿಪಾಠ ಅಥವಾ ಮೌಲ್ಯಶಿಕ್ಷಣ ಎಂಬ ಹೆಸರಿನಲ್ಲಿ ವಾರಕ್ಕೆ ಒಂದೆರಡು ಪೀರಿಯಡ್ ಬಂದು ಕೂರುತ್ತದೆ. ಹಾಗಾಗಿ ಕೆಲಸ ಕೊಡಿಸುವ ಪದವಿ ಒಂದು, ಆ ಪೀರಿಯಡ್ಡಿಗೆ ಬೇಕಾದ ಓದು ಇನ್ನೊಂದು. ಎರಡನೆಯದನ್ನು ಬಹುಮಟ್ಟಿಗೆ ನೀವೇ ಕಟ್ಟಿಕೊಳ್ಳಬೇಕು.

ಪದವಿಯ ದಾರಿ ನೇರವಾಗಿದೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಅಥವಾ ಸಂಸ್ಕೃತ ಇರುವ ಬಿ.ಎ. ಮುಗಿಸಿ, ಕನಿಷ್ಠ ಶೇ. 50 ಅಂಕಗಳೊಂದಿಗೆ ಬಿ.ಎಡ್. ಸೇರಬಹುದು, ಮೀಸಲಾತಿಯುಳ್ಳವರಿಗೆ ಅಂಕಗಳಲ್ಲಿ ರಿಯಾಯಿತಿಯಿದೆ. ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷಗಳ ಕೋರ್ಸಾಯಿತು. ಅದರಲ್ಲಿ ಶಾಲಾ ಇಂಟರ್ನ್‌ಶಿಪ್ಪಿಗೆ ಕನಿಷ್ಠ 20 ವಾರ ಇರಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಬೋಧನಾ ವಿಷಯಗಳನ್ನು ಆರಿಸುವಾಗ ಸಮಾಜ ವಿಜ್ಞಾನವನ್ನು ಬಿಡಬೇಡಿ ಎಂಬುದು ನನ್ನ ಸಲಹೆ. ಮಂಗಳೂರಿನ ಸಂತ ಆನ್ಸ್ ಶಿಕ್ಷಣ ಮಹಾವಿದ್ಯಾಲಯದಂಥ ಹಳೆಯ ಸಂಸ್ಥೆಗಳು ನಮ್ಮ ಊರಿನಲ್ಲಿಯೇ ಇರುವುದರಿಂದ ದೂರ ಹೋಗುವ ಅಗತ್ಯವಿಲ್ಲ. ಆರರಿಂದ ಎಂಟನೇ ತರಗತಿಯವರೆಗಿನ ಹುದ್ದೆಯೂ ಬೇಕೆನ್ನುವವರು ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೇ ಪತ್ರಿಕೆಯನ್ನು ಬರೆದಿಟ್ಟುಕೊಳ್ಳಲಿ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಬಿ.ಡಿ. ಎಂಬ ಕ್ರೈಸ್ತ ಧರ್ಮಶಾಸ್ತ್ರದ ಪದವಿಯಾಗಲಿ, ವೇದ ಪಾಠಶಾಲೆಯ ಅಥವಾ ಮದರಸದ ಓದಾಗಲಿ ಆಳವಾದ ತಿಳಿವು ಕೊಡುತ್ತದೆ. ಆದರೆ ಪ್ರೌಢಶಾಲೆಯ ಹುದ್ದೆಗೆ ಬಿ.ಎಡ್.ನ ಜಾಗವನ್ನು ಅದು ತುಂಬುವುದಿಲ್ಲ.

ಇನ್ನು ಕಾನೂನು. ಸಂವಿಧಾನದ 28ನೇ ವಿಧಿಯನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಂಥ ಬೋಧನೆ ಇದ್ದರೂ, ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಅದರಲ್ಲಿ ಕೂರಿಸುವಂತಿಲ್ಲ. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿ ಆ ಧರ್ಮದ ಮಕ್ಕಳಿಗೆ ಧರ್ಮಬೋಧೆ (ಕ್ರೈಸ್ತ ಶಾಲೆಗಳಲ್ಲಿ ಇದನ್ನು ಕೊಂಕಣಿಯಲ್ಲಿ ದೊತೊರ್ನ್ ಎನ್ನುತ್ತಾರೆ), ಉಳಿದವರಿಗೆ ನೀತಿಪಾಠ ಎಂದು ಒಂದೇ ಪೀರಿಯಡ್ಡಿನಲ್ಲಿ ಎರಡು ಕೋಣೆಗಳಾಗುವುದು ಇದೇ ಕಾರಣಕ್ಕೆ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ನಿಮ್ಮ ತರಬೇತಿಯೆಲ್ಲ ಈ ಎರಡನೆಯದಕ್ಕೆ ಎಂದು ನಾನು ಭಾವಿಸುತ್ತೇನೆ. ಒಂದು ಧರ್ಮದ ವಿಷಯ ಹೇಳಿ ಮುಗಿಸಿದಾಗ, ಅದೇ ಧರ್ಮದ ಮನೆಯಿಂದ ಬಂದ ಮಗು "ಹೌದು, ನಮ್ಮಲ್ಲಿ ಹೀಗೇ" ಎಂದು ತಲೆಯಾಡಿಸಬೇಕು. ಬೇರೆ ಮನೆಯ ಮಗುವಿಗೆ ತನ್ನದನ್ನು ಬಿಡು ಎಂದು ಯಾರೋ ಹೇಳಿದಂತೆ ಅನ್ನಿಸಬಾರದು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಬಿ.ಎಡ್. ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಜಾನಪದ ನಂಬಿಕೆಗಳ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ "ಭೂತಾರಾಧನೆ" ಎಂದು ಬರೆದು, ಪುಸ್ತಕದ ಕನ್ನಡದ ಅಭ್ಯಾಸದಲ್ಲಿ, ಭೂತವೆಂದರೆ ದೆವ್ವ ಎಂದು ಅರ್ಥ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಮೆಲ್ಲನೆ, "ದೆವ್ವ ಅಲ್ಲ ಟೀಚರ್, ದೈವ. ನಮ್ಮ ಅಜ್ಜ ಕೋಲ ಕಟ್ಟುತ್ತಾರೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನಾನು ಬೋರ್ಡನ್ನು ಒರೆಸಿ, ಅವನ ಮಾತನ್ನೇ ಅಲ್ಲಿ ಬರೆದು, ಎಲ್ಲರ ಮುಂದೆ ಕ್ಷಮೆ ಕೇಳಿದೆ. ಅಂದಿನಿಂದ ಯಾವ ಸಮುದಾಯದ ಬಗ್ಗೆ ಪಾಠ ಮಾಡುವುದಿದ್ದರೂ ಆ ಸಮುದಾಯದ ಒಬ್ಬ ಹಿರಿಯರಿಗೆ ಟಿಪ್ಪಣಿಯನ್ನು ಮೊದಲೇ ಓದಿ ಹೇಳುತ್ತೇನೆ. ಇಂಟರ್ನ್‌ಶಿಪ್ಪಿಗೆ ಹೋಗುವ ಮೊದಲೇ ನೀವೂ ಈ ಅಭ್ಯಾಸವನ್ನು ಹಿಡಿಯಿರಿ.

ಓದಿನ ಜೊತೆಗೆ ಊರು ಸುತ್ತಬೇಕು. ಈ ವಿಷಯದಲ್ಲಿ ನಮ್ಮ ಕರಾವಳಿಯಷ್ಟು ಸಮೃದ್ಧ ಪಠ್ಯಪುಸ್ತಕ ಸಿಗುವುದು ಕಷ್ಟ. ಕದ್ರಿ ಮಂಜುನಾಥನ ಸನ್ನಿಧಿಯಲ್ಲಿ ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿ 1432ರ ಗೊಮ್ಮಟ, ಬಂದರಿನಲ್ಲಿ ಝೀನತ್ ಬಕ್ಷ್ ಮಸೀದಿ, ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಗಳ ಮೇಲೆ ಇಟಲಿಯ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳು, ಉಡುಪಿಯಲ್ಲಿ ಕನಕನ ಕಿಂಡಿ. ಬಪ್ಪನಾಡಿನ ದುರ್ಗಾಪರಮೇಶ್ವರಿಯ ಸ್ಥಳಪುರಾಣದಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಹೆಸರು ಬರುವುದನ್ನು ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಒಬ್ಬರೇ ಹೋಗಿ, ಮೂಲೆಯಲ್ಲಿ ಕುಳಿತು, ಜನ ಏನು ಮಾಡುತ್ತಾರೆಂದು ಬರೆದುಕೊಳ್ಳಿ. ಮಕ್ಕಳನ್ನು ಕರೆದೊಯ್ಯುವ ದಿನ ಬಂದಾಗ ಮಾತ್ರ ಪೋಷಕರ ಲಿಖಿತ ಒಪ್ಪಿಗೆ, ಆಡಳಿತದವರ ಅನುಮತಿ, ಉಡುಪಿನ ನಿಯಮ ಎಲ್ಲವನ್ನೂ ಮುಂಚಿತವಾಗಿ ವಿಚಾರಿಸಿ. ಶುಕ್ರವಾರ ಮಧ್ಯಾಹ್ನ ಮಸೀದಿಗೂ ಭಾನುವಾರ ಬೆಳಗ್ಗೆ ಇಗರ್ಜಿಗೂ ನೋಡಲೆಂದು ಹೋಗುವುದು ಬೇಡ, ಅದು ಅವರ ಪ್ರಾರ್ಥನೆಯ ಹೊತ್ತು.

ಪಾಠ ಯೋಜನೆ ಬರೆಯುವಾಗ ಒಂದು ಧರ್ಮಕ್ಕೆ ಒಂದು ಪಾಠ ಎಂದು ಹಂಚುವ ಬದಲು, ಎಲ್ಲ ಮನೆಗಳಲ್ಲಿಯೂ ನಡೆಯುವ ಒಂದು ಆಚರಣೆಯಿಂದ ಹೊರಡಿ. ಉಪವಾಸವನ್ನೇ ತೆಗೆದುಕೊಳ್ಳಬಹುದು. ಏಕಾದಶಿಯಂದು ಅನ್ನ ಬಿಡುವುದು, ರಂಜಾನಿನಲ್ಲಿ ಮುಂಜಾವಿನಿಂದ ಸೂರ್ಯಾಸ್ತದವರೆಗೆ ನೀರೂ ಮುಟ್ಟದಿರುವುದು, ಶುಭ ಶುಕ್ರವಾರದ ಮುನ್ನಿನ ತಪಸ್ಸಿನ ಕಾಲ, ಜೈನರ ದಶಲಕ್ಷಣ ಪರ್ವದ ಹತ್ತು ದಿನ — ಇವನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ಹೋಲಿಕೆಗಳನ್ನೂ ವ್ಯತ್ಯಾಸಗಳನ್ನೂ ಮಕ್ಕಳೇ ಹುಡುಕುತ್ತಾರೆ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮಕ್ಕಳು ಮನೆಯಲ್ಲಿ ಹೇಳುವ "ನೋಂಬು" ಮತ್ತು ಜೈನರ ವ್ರತಗಳಿಗಿರುವ "ನೋಂಪಿ" ಒಂದೇ ದ್ರಾವಿಡ ಬೇರಿನ ಪದಗಳು ಎಂದು ತೋರಿಸಿದ ದಿನ ತರಗತಿಯಲ್ಲಿ ಆದ ಸಂತೋಷ ನನಗೆ ಇನ್ನೂ ನೆನಪಿದೆ. ಆದರೆ ಎಲ್ಲವೂ ಒಂದೇ ಎಂದು ಅವಸರದಲ್ಲಿ ಮುಗಿಸಬೇಡಿ. ಯಾಕೆ ಉಪವಾಸ ಎಂಬ ಪ್ರಶ್ನೆಗೆ ಒಂದೊಂದು ಧರ್ಮದ ಉತ್ತರ ಬೇರೆಯಾಗಿದೆ, ಆ ಬೇರೆತನಕ್ಕೂ ಗೌರವ ಸಲ್ಲಬೇಕು. ತರಗತಿಯಲ್ಲಿರುವ ಒಬ್ಬನೇ ಜೈನ ಹುಡುಗನನ್ನೋ ಒಬ್ಬಳೇ ಮುಸ್ಲಿಂ ಹುಡುಗಿಯನ್ನೋ ಪ್ರತಿ ಸಲವೂ ಎಬ್ಬಿಸಿ ನಿಲ್ಲಿಸಿ ಕೇಳಬಾರದು. ಹೇಳುವ ಮನಸ್ಸಿದ್ದವರು ತಾವಾಗಿ ಕೈಯೆತ್ತಲಿ.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ಮುಖ್ಯೋಪಾಧ್ಯಾಯರ ಬಳಿ ವರ್ಷದ ಪಾಠಪಟ್ಟಿಯನ್ನು ಒಯ್ದು ಸಹಿ ಹಾಕಿಸಿಕೊಳ್ಳಿ, ಅದರ ಒಂದು ಪ್ರತಿಯನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿ. ಮುಂದೆ ಯಾರಾದರೂ ಬಂದು "ನಮ್ಮ ಮಗುವಿಗೆ ಇದನ್ನೇಕೆ ಹೇಳಿಕೊಟ್ಟಿರಿ" ಎಂದು ಕೇಳಿದರೆ, ಆ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಮುಂದಿನ ಪೀರಿಯಡ್ಡಿಗೆ ಹಿಂದಿನ ಬೆಂಚಿನಲ್ಲಿ ಬಂದು ಕುಳಿತು ಕೇಳುವಂತೆ ಕರೆಯಬಹುದು.