ಹಳೇ ಎಂಎಕ್ಸ್-5ಗೆ ದೊಡ್ಡ ವೀಲ್: ನಾನು ಎರಡು ಸಲ ಟೈರ್ ಕೊಂಡ ಕಥೆ

ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. 1989ರಲ್ಲಿ ಬಂತಲ್ಲ, ಎರಡೇ ಸೀಟು, ಸ್ವಿಚ್ ಒತ್ತಿದರೆ ಹೆಡ್‌ಲೈಟ್ ಮೇಲೆದ್ದು ನೋಡುತ್ತದಲ್ಲ, ಅದೇ. ತೂಕ ಒಂದು ಟನ್ನಿನ ಆಸುಪಾಸು, ಪವರ್ ಸ್ಟಿಯರಿಂಗ್ ಇಲ್ಲ. ಕಾರ್ಖಾನೆಯಿಂದ ಬಂದಾಗ 5.5 ಇಂಚು ಅಗಲದ 14 ಇಂಚಿನ ವೀಲ್, ಅದಕ್ಕೆ 185/60 ಆರ್14 ಟೈರ್. ಹಳೆಯ ಟೈರ್‌ಗಳ ಟ್ರೆಡ್ (ನೆಲಕ್ಕೆ ತಾಗುವ ಗೀರುಗಳ ಭಾಗ) ಇನ್ನೂ ಚೆನ್ನಾಗಿತ್ತು, ಆದರೆ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿ ಪಕ್ಕದಲ್ಲೆಲ್ಲ ಬಿರುಕು ಬಿಟ್ಟಿತ್ತು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಅದರ ಮೇಲಿನ ತಯಾರಿಕೆಯ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವು ತಯಾರಾಗಿ ಹನ್ನೊಂದು ವರ್ಷ ಆಗಿತ್ತು.

ಈಗ 14 ಇಂಚಿಗೆ ಒಳ್ಳೆಯ ಹಿಡಿತದ ಟೈರ್ ಸಿಗುವುದೇ ಕಷ್ಟ. ಅದೊಂದು ಕಾರಣ. ನಿಜ ಹೇಳಬೇಕೆಂದರೆ ದೊಡ್ಡ ವೀಲ್ ಚೆನ್ನಾಗಿ ಕಾಣುತ್ತೆ ಅನ್ನೋ ಆಸೆಯೂ ಇತ್ತು. 16 ಇಂಚಿನ, 7 ಇಂಚು ಅಗಲದ, ಆಫ್‌ಸೆಟ್ (ವೀಲ್ ಕಾರಿಗೆ ಕೂರುವ ಮುಖ ರಿಮ್ ಅಗಲದ ನಡುಗೆರೆಯಿಂದ ಎಷ್ಟು ಮಿ.ಮೀ ಹೊರಗಿದೆ ಅನ್ನೋದು) 30 ಇರುವ ಅಲಾಯ್ ವೀಲ್ ಒಂದು ಸೆಟ್ ಕೊಂಡುಬಿಟ್ಟೆ. ಟೈರ್ ಯಾವುದು ಅಂತ ಯೋಚಿಸಿದ್ದು ಆಮೇಲೆ. ಅಲ್ಲೇ ಎಡವಿದ್ದು.

ಟೈರ್ ಅಂಗಡಿಯವರು 205/55-16 ಎತ್ತಿಕೊಟ್ಟರು. ಬಹಳ ಕಾರುಗಳಿಗೆ ಹಾಕುವ ಅಳತೆ, ಕೈಗೆ ಸಿಕ್ಕಿತು ಅಷ್ಟೇ. "16ಕ್ಕೆ ತಾನೇ, ಕೂರುತ್ತೆ ಸಾರ್" ಅಂದರು. ರಿಮ್ ಮೇಲೆ ಕೂರುತ್ತೆ, ಸರಿ. ಕಾರಿನೊಳಗೆ ಕೂರಬೇಕಲ್ಲ! ಪುಣ್ಯಕ್ಕೆ ಆಗ ಮೊಬೈಲಿನಲ್ಲೇ ಲೆಕ್ಕ ಹಾಕಿದೆ. ಲೆಕ್ಕ ಸುಲಭ. ಹಳೆಯ ಟೈರಿನ ಅಗಲ 185 ಮಿ.ಮೀ, ಅದರ ಶೇಕಡಾ 60 ಅಂದರೆ 111 ಮಿ.ಮೀ, ಅದು ಸೈಡ್‌ವಾಲ್ ಎತ್ತರ. ಮೇಲೊಂದು ಕೆಳಗೊಂದು ಸೇರಿ 222. 14 ಇಂಚು ಅಂದರೆ 355.6. ಒಟ್ಟು ವ್ಯಾಸ ಸುಮಾರು 578 ಮಿ.ಮೀ. ಅವರು ಕೊಟ್ಟ 205/55-16ರದ್ದು 632! ಶೇಕಡಾ 9ಕ್ಕಿಂತ ಜಾಸ್ತಿ ದೊಡ್ಡದು. ಅದನ್ನು ಹಾಕಿದ್ದರೆ ಮೀಟರಿನಲ್ಲಿ 100 ತೋರಿಸುವಾಗ ಗಾಡಿ ಮೊದಲಿಗಿಂತ 9 ಕಿ.ಮೀ ಜಾಸ್ತಿ ವೇಗದಲ್ಲಿ ಇರುತ್ತಿತ್ತು, ಗೇರ್ ಎಲ್ಲ ಉದ್ದವಾಗಿ ಪಿಕಪ್ ಸತ್ತುಹೋಗುತ್ತಿತ್ತು.

ಬೇಡ ಅಂತ 205/45-16 ತರಿಸಿದೆ. ವ್ಯಾಸ 591, ಅಂದರೆ ಶೇಕಡಾ 2.3 ದೊಡ್ಡದು. ಶೇಕಡಾ 3ರೊಳಗಿದ್ದರೆ ಪರವಾಗಿಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನೇ ನಂಬಿ ಹಾಕಿಸಿದೆ.

ಒಬ್ಬನೇ ಓಡಿಸುವಾಗ ಏನೂ ಇಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು, ತಿರುವಿನಲ್ಲಿ ಒಂದು ಗುಂಡಿ ಸಿಕ್ಕಿದರೆ ಹಿಂದಿನಿಂದ "ಕರ್ರ್" ಅಂತ ಸದ್ದು. ಹಿಂದಿನ ಎಡ ಟೈರಿನ ಭುಜದ ಮೇಲೆ ಕತ್ತರಿಸಿದ ಹಾಗೆ ಗೆರೆ ಬಿದ್ದಿತ್ತು, ಫೆಂಡರಿನ (ಚಕ್ರದ ಮೇಲಿನ ತಗಡಿನ) ಒಳ ಮಡಿಕೆ ತಾಗುತ್ತಿತ್ತು. ಬಲಗಡೆ ಮಾತ್ರ ಏನೂ ಆಗಿರಲಿಲ್ಲ. ಯಾಕೆ ಒಂದೇ ಕಡೆ?

ವೀಲ್ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದೆ. ಎಡಗಡೆ ಬಲಕ್ಕಿಂತ 12 ಮಿ.ಮೀ ಕಡಿಮೆ. ಮೂವತ್ತು ವರ್ಷದ ಸ್ಪ್ರಿಂಗ್, ಕೂತುಬಿಟ್ಟಿದೆ. ಈ ಕಾರಿಗೆ ಇದು ಕೂರುತ್ತೆ ಅಂತ ಬರೆದಿರುವ ಪಟ್ಟಿಗಳೆಲ್ಲ ಸ್ಪ್ರಿಂಗ್, ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್) ಎಲ್ಲ ಸರಿಯಿರುವ ಕಾರನ್ನು ಲೆಕ್ಕಕ್ಕೆ ಇಟ್ಟುಕೊಂಡಿರುತ್ತವೆ. ನಮ್ಮ ಹಳೇ ಗಾಡಿ ಹಾಗೆ ಇರಲ್ಲ. ನಾಲ್ಕೂ ಮೂಲೆ ಅಳೆದು, ಅದರಲ್ಲಿ ಯಾವುದು ತೀರಾ ಕಡಿಮೆಯೋ ಅದಕ್ಕೆ ಟೈರ್ ಆರಿಸಬೇಕಿತ್ತು. ನಾನು ಒಂದನ್ನೂ ಅಳೆದಿರಲಿಲ್ಲ.

ಇನ್ನೊಂದು ತಪ್ಪು ಆಫ್‌ಸೆಟ್‌ದು. ಹಳೆಯ ವೀಲಿನ ಆಫ್‌ಸೆಟ್ 45. ರಿಮ್ ಅಗಲದ ಅರ್ಧದಲ್ಲಿ ಆಫ್‌ಸೆಟ್ ಕಳೆದರೆ ಹಬ್‌ನಿಂದ (ವೀಲ್ ಬೋಲ್ಟ್ ಆಗುವ ನಡುಭಾಗದಿಂದ) ಹೊರಗೆ ಎಷ್ಟು ಚಾಚುತ್ತೆ ಅಂತ ಸಿಗುತ್ತದೆ: 70ರಲ್ಲಿ 45 ಹೋದರೆ 25 ಮಿ.ಮೀ. ಹೊಸದಕ್ಕೆ 89ರಲ್ಲಿ 30 ಹೋದರೆ 59. ಅಂದರೆ ಮೊದಲಿಗಿಂತ 34 ಮಿ.ಮೀ ಹೊರಗೆ! ವ್ಯಾಸದ ಲೆಕ್ಕ ಹಾಕಿ ಬೀಗುತ್ತಿದ್ದವನಿಗೆ ಇದು ಹೊಳೆದೇ ಇರಲಿಲ್ಲ. ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ತಿರುಗಿಸಲು ಭುಜ ನೋಯುತ್ತಿದ್ದದ್ದಕ್ಕೂ ಅಗಲದ ಟೈರಿನ ಜೊತೆ ಇದೂ ಕಾರಣ. ಮೇಲಾಗಿ ತೂಕ. ಮನೆಯ ತಕ್ಕಡಿಯಲ್ಲಿ ಹಳೆಯ ವೀಲ್, ಟೈರ್ ಸೇರಿ 12.5 ಕೆ.ಜಿ, ಹೊಸದು 17.5. ಗುಂಡಿಗೆ ಬಿದ್ದಾಗಲೆಲ್ಲ ಆ ಐದು ಕೆ.ಜಿ ಗೊತ್ತಾಗುತ್ತಿತ್ತು.

ಕೆಲವರು ಫೆಂಡರ್ ಮಡಿಕೆಯನ್ನು ರೋಲ್ ಮಾಡಿಸು, ಅಂದರೆ ಒಳಕ್ಕೆ ಒತ್ತಿ ಚಪ್ಪಟೆ ಮಾಡಿಸು ಅಂದರು. ಹಳೇ ಪೇಂಟ್ ಬಿರುಕು ಬಿಟ್ಟರೆ ಅಲ್ಲಿಂದಲೇ ತುಕ್ಕು ಶುರು. ಒಪ್ಪಲಿಲ್ಲ.

ಎರಡನೇ ಸಲ ಮೊದಲು ಟೈರ್ ಆರಿಸಿ ಆಮೇಲೆ ವೀಲ್ ಹುಡುಕಿದೆ. 195/50-15ರ ವ್ಯಾಸ 576, ಹಳೆಯದಕ್ಕೂ ಇದಕ್ಕೂ 2 ಮಿ.ಮೀ ಕೂಡ ವ್ಯತ್ಯಾಸ ಇಲ್ಲ. ನಾನು ತೆಗೆದುಕೊಂಡದ್ದರ ಲೋಡ್ ಇಂಡೆಕ್ಸ್ (ಟೈರ್ ಹೊರುವ ಭಾರದ ಸಂಕೇತ) 82, ಅಂದರೆ ಒಂದು ಟೈರಿಗೆ 475 ಕೆ.ಜಿ, ಈ ಕಾರಿಗೆ ಧಾರಾಳ. ಈ ಟೈರಿಗೆ 5.5ರಿಂದ 7 ಇಂಚು ಅಗಲದ ರಿಮ್ ಆಗುತ್ತದೆ. ನಾನು 6.5 ಇಂಚಿನ, ಆಫ್‌ಸೆಟ್ 40ರ ವೀಲ್ ಹಿಡಿದೆ. ಹೊರಗೆ 18 ಮಿ.ಮೀ, ಒಳಗೆ 8 ಮಿ.ಮೀ ಜಾಸ್ತಿ, ಅಷ್ಟೇ. ನೆನಪಿಡಿ, ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರ್ ಸುಮಾರು 5 ಮಿ.ಮೀ ಉಬ್ಬುತ್ತದೆ, ಹಾಗಾಗಿ ಮೇಲೆ ಬರೆದ 195 ಅನ್ನೋದು ಅಳೆದರೆ ಸಿಗುವ 195 ಅಲ್ಲ.

ಹಾಕಿದ ಮೇಲೆ ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು, ಇಬ್ಬರು ಕೂತು, ಬೇಕಂತಲೇ ಕೆಟ್ಟ ರಸ್ತೆಯಲ್ಲಿ ಹೋಗಿ ಬಂದೆವು. ಎಲ್ಲೂ ಅಳಿಸಿರಲಿಲ್ಲ. ಆದರೆ 90ರ ಮೇಲೆ ಸ್ಟಿಯರಿಂಗ್ ನಡುಕ. ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ನೋಡಿದರೆ ಹಬ್ 54.1 ಮಿ.ಮೀ, ವೀಲಿನ ನಡುವಿನ ತೂತು ಅದಕ್ಕಿಂತ ಎಷ್ಟೋ ದೊಡ್ಡದು. ಆ ಸಂದಿಗೆ ಒಂದು ಪ್ಲಾಸ್ಟಿಕ್ ರಿಂಗ್ ಹಾಕಿದ ತಕ್ಷಣ ನಡುಕ ಮಾಯ. ಇಷ್ಟು ಸಣ್ಣ ವಸ್ತುವಿಗಾಗಿ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಗಾಳಿಯನ್ನೂ ಮೊದಲು ಸುಮ್ನೆ 32 ಪಿಎಸ್‌ಐ ಹಾಕಿಸಿದ್ದೆ, ಎಲ್ಲ ಕಾರಿಗೂ ಹಾಕುವ ಹಾಗೆ. ಹಿಂದುಗಡೆ ಕುಣಿಯುತ್ತಿತ್ತು. ಈ ಕಾರಿಗೆ ಕಂಪನಿ ಹೇಳಿರುವುದೇ 26, ಈಗ 28ರಲ್ಲಿ ಇಟ್ಟಿದ್ದೇನೆ, ಸರಿಯಾಗಿದೆ. 16ರ ಸೆಟ್ ಮಾರಿಬಿಟ್ಟೆ, ತಗೊಂಡವರಿಗೆ ಆಫ್‌ಸೆಟ್ ಎಷ್ಟು ಅಂತ ಮೊದಲೇ ಹೇಳಿದ್ದೇನೆ. ಎಡಗಡೆಯ ಸ್ಪ್ರಿಂಗ್ ಮಾತ್ರ ಇನ್ನೂ ಕೂತೇ ಇದೆ, ಮುಂದಿನ ಕೆಲಸ ಅದೇ.