ಜಪಾನಿನಲ್ಲಿ ನಮ್ಮ ದೇವರುಗಳ ಜಾಡು: ಅಮ್ಮನ ಜೊತೆ ಹೋದ ಪ್ರವಾಸಕ್ಕೆ ನಾನು ಮಾಡಿಕೊಂಡ ತಯಾರಿ

ಜಪಾನ್ ಅಂದ ತಕ್ಷಣ ಹೆಚ್ಚಿನವರು ಊರುಗಳ ಪಟ್ಟಿ ಬರೆಯಲು ಕೂರುತ್ತಾರೆ. ಟೋಕಿಯೋ, ಹಕೋನೆ, ಕನಜಾವಾ, ಕ್ಯೋಟೋ, ನಾರಾ, ಹಿರೋಶಿಮಾ, ಒಸಾಕಾ. ಆಮೇಲೆ ಇರುವ ದಿನಗಳನ್ನು ಊರುಗಳಿಗೆ ಹಂಚುತ್ತಾರೆ. ಹಾಗೆ ಮಾಡಿದರೆ ರೈಲು ನಿಲ್ದಾಣಗಳೇ ಜಾಸ್ತಿ ನೆನಪಿನಲ್ಲಿ ಉಳಿಯುತ್ತವೆ. ನಾನು ಊರಿನಿಂದ ಶುರು ಮಾಡಲಿಲ್ಲ. ಯಾಕೆ ಹೋಗುತ್ತಿದ್ದೇವೆ ಅನ್ನುವುದನ್ನು ಮೊದಲು ತೀರ್ಮಾನಿಸಿದೆ. ನನ್ನ ಜೊತೆ ಬರುತ್ತಿದ್ದವಳು ಅಮ್ಮ. ಸಾಗರದ ಕಡೆಯವಳು, ಶುದ್ಧ ಸಸ್ಯಾಹಾರಿ, ಎಷ್ಟು ಬೇಕಾದರೂ ನಡೆಯುತ್ತಾಳೆ, ಆದರೆ ಓಡುವುದಿಲ್ಲ. ಅವಳಿಗೆ ಬೇಕಾಗಿದ್ದು ದೇವಸ್ಥಾನ. ನನಗೆ ಬೇಕಾಗಿದ್ದು ಹಳೆಯ ಕಟ್ಟಡ, ಶಿಲ್ಪ, ರಂಗಭೂಮಿ.

ಎರಡನ್ನೂ ಸೇರಿಸುವ ಒಂದು ಎಳೆ ಸಿಕ್ಕಿತು. ಬೌದ್ಧ ಧರ್ಮದ ಜೊತೆ ನಮ್ಮ ಎಷ್ಟೋ ದೇವತೆಗಳು ಚೀನಾ, ಕೊರಿಯಾ ದಾಟಿ ಜಪಾನಿಗೆ ಹೋಗಿದ್ದಾರೆ. ಬ್ರಹ್ಮ ಅಲ್ಲಿ ಬೊಂತೆನ್, ಇಂದ್ರ ತೈಶಾಕುತೆನ್, ಸರಸ್ವತಿ ಬೆಂಜೈತೆನ್, ಕುಬೇರ ಬಿಶಾಮೊಂತೆನ್, ಗಣಪತಿ ಕಾಂಗಿತೆನ್. ಇವರನ್ನೆಲ್ಲ ಹುಡುಕಿಕೊಂಡು ಹೋಗೋಣ ಅಂತ ನಿರ್ಧಾರವಾದ ಮೇಲೆ ಉಳಿದದ್ದು ಸಲೀಸಾಯಿತು. ಹಕೋನೆ ಬಿಟ್ಟೆವು, ಕನಜಾವಾ ಬಿಟ್ಟೆವು. ಹಿರೋಶಿಮಾ ಬಗ್ಗೆ ಮಾತ್ರ ತುಂಬಾ ಯೋಚಿಸಿದೆ. ಕ್ಯೋಟೋದಿಂದ ಒಂದೇ ದಿನದಲ್ಲಿ ಹೋಗಿಬರಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಬೆಳಿಗ್ಗೆ ಅಣುಬಾಂಬಿನ ವಸ್ತುಸಂಗ್ರಹಾಲಯ, ಮಧ್ಯಾಹ್ನ ಮಿಯಾಜಿಮಾ ದ್ವೀಪದಲ್ಲಿ ಫೋಟೋ. ನನಗೆ ಅದು ಸರಿ ಕಾಣಲಿಲ್ಲ. ಆ ಸಂಗ್ರಹಾಲಯ ನೋಡಿದ ಮೇಲೆ ಮನುಷ್ಯರಿಗೆ ಸುಮ್ನೆ ಕೂತುಕೊಳ್ಳಲು ಒಂದಿಷ್ಟು ಹೊತ್ತು ಬೇಕು. ಅಷ್ಟು ಸಮಯ ಕೊಡಲು ಆಗದಿದ್ದರೆ ಬೇರೆ ಪ್ರವಾಸಕ್ಕೆ ಇಡುವುದೇ ಒಳ್ಳೆಯದು.

ಕಾಲ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಚೆರ್ರಿ ಹೂವಿನ ಸಮಯ, ಅಂದರೆ ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೊದಲು, ಚೆಂದವೇ. ಆದರೆ ಹೋಟೆಲ್ ದರವೂ ಜನವೂ ಮೇಲೇರುವ ಕಾಲ ಅದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನೀಯರದೇ ದೊಡ್ಡ ರಜೆ. ಆಗಸ್ಟ್ ನಡುವೆ ಓಬೋನ್, ಪಿತೃಗಳ ಹಬ್ಬ. ಆಗ ಎಲ್ಲರೂ ಊರಿಗೆ ಹೊರಟಿರುತ್ತಾರೆ. ನಾನು ಆರಿಸಿದ್ದು ನವೆಂಬರ್ ಮೊದಲ ಭಾಗ. ಕ್ಯೋಟೋದಲ್ಲಿ ಎಲೆ ಕೆಂಪಾಗುವುದು ಸಾಮಾನ್ಯವಾಗಿ ತಿಂಗಳ ಕೊನೆಗೆ. ಹಾಗಾಗಿ ನೂಕುನುಗ್ಗಲು ಶುರುವಾಗುವ ಮುಂಚೆ ಅಲ್ಲಿಂದ ಹೊರಡಬಹುದು. ಬೆಟ್ಟದ ಮೇಲಿನ ಮಠಗಳ ಊರು ಕೋಯಾಸಾನ್‌ನಲ್ಲಿ ಅದೇ ಹೊತ್ತಿಗೆ ಎಲೆ ಕೆಂಪಾಗಿರುತ್ತದೆ. ಇದರ ಜೊತೆ ನಾರಾದ ಶೋಸೋಇನ್ ಪ್ರದರ್ಶನವೂ ಇತ್ತು. ಎಂಟನೇ ಶತಮಾನದ ಅರಮನೆಯ ವಸ್ತುಗಳನ್ನು ಇಟ್ಟಿರುವ ಭಂಡಾರ ಅದು. ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯಿಂದ ಎರಡು ವಾರದ ಆಸುಪಾಸು, ಅದರಿಂದ ಆಯ್ದ ಕೆಲವನ್ನು ನಾರಾ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ತೋರಿಸುತ್ತಾರೆ. ದಿನ ಮತ್ತು ಗಂಟೆ ನಮೂದಿಸಿದ ಟಿಕೆಟ್ ಮೊದಲೇ ಕೊಳ್ಳಬೇಕು. ನಮ್ಮ ಇಡೀ ಪ್ರವಾಸಕ್ಕೆ ಗಟ್ಟಿಯಾಗಿ ನಿಂತ ಮೊದಲ ದಿನಾಂಕ ಇದೇ. ಉಳಿದ ಎಲ್ಲವನ್ನೂ ಇದರ ಆಚೀಚೆ ಜೋಡಿಸಿದೆ.

ಬೆಂಗಳೂರಿನಿಂದ ಟೋಕಿಯೋದ ನರೀತಾಕ್ಕೆ ನೇರ ವಿಮಾನ ಇದೆ. ಅದರಲ್ಲಿ ಹೋಗಿ, ವಾಪಸ್ಸು ಒಸಾಕಾದ ಕಾನ್ಸಾಯ್ ನಿಲ್ದಾಣದಿಂದ ಹೊರಡುವ ಹಾಗೆ ಟಿಕೆಟ್ ಮಾಡಿಸಿದೆ. ಬರುವಾಗ ನಡುವೆ ವಿಮಾನ ಬದಲಿಸಬೇಕು, ನಿಜ. ಆದರೂ ಟೋಕಿಯೋಗೆ ಹಿಂದಿರುಗುವ ಒಂದು ದಿನವೂ ರೈಲಿನ ದುಡ್ಡೂ ಉಳಿಯುತ್ತದೆ. ವೀಸಾ ಅರ್ಜಿಯ ಜೊತೆ ಯಾವ ದಿನ ಎಲ್ಲಿರುತ್ತೀರಿ ಅನ್ನುವ ದಿನವಾರು ಪಟ್ಟಿ ಕೊಡಬೇಕು. ನನ್ನ ಪಟ್ಟಿ ಅಷ್ಟರಲ್ಲಿ ಸಿದ್ಧ ಇತ್ತು.

ರೈಲ್ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲು ಅದು ಕಣ್ಣು ಮುಚ್ಚಿ ಕೊಳ್ಳುವಂಥದ್ದೇ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ 7 ದಿನದ ಸಾಧಾರಣ ಪಾಸು 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಶಿಂಕನ್ಸೆನ್, ಅಂದರೆ ಬುಲೆಟ್ ರೈಲಿನ ಟಿಕೆಟ್ ಸುಮಾರು 14,000 ಯೆನ್. ನಮ್ಮದು ಒಂದೇ ದಿಕ್ಕಿನ ಪ್ರಯಾಣ, ಕ್ಯೋಟೋ ಮುಟ್ಟಿದ ಮೇಲೆ ಎಲ್ಲವೂ ಹತ್ತಿರ ಹತ್ತಿರ. ಪಾಸು ಬೇಡವೇ ಬೇಡ ಅಂತ ಲೆಕ್ಕ ಹೇಳಿತು. ಬಿಡಿ ಟಿಕೆಟ್ ತೆಗೆದುಕೊಂಡೆ, ಊರೊಳಗೆ ಓಡಾಡಲು ದುಡ್ಡು ತುಂಬಿಸಿ ಬಳಸುವ ಸುಯಿಕಾ ಕಾರ್ಡ್. ಶಿಂಕನ್ಸೆನ್‌ನಲ್ಲಿ ಸಾಧಾರಣ ಬೋಗಿಯ ಇ ಸೀಟು ಕೇಳಿ. ಟೋಕಿಯೋದಿಂದ ಹೊರಟಾಗ ಬಲಗಡೆ ಫೂಜಿ ಪರ್ವತ ಬರುತ್ತದೆ, ಮೋಡ ಇಲ್ಲದಿದ್ದರೆ.

ಟೋಕಿಯೋದಲ್ಲಿ ಉಯೆನೋ ಹತ್ತಿರ ಉಳಿದೆವು. ರಾಷ್ಟ್ರೀಯ ವಸ್ತುಸಂಗ್ರಹಾಲಯ ಅಲ್ಲೇ ಇದೆ, ಸೋಮವಾರ ರಜೆ. ಅದರೊಳಗೆ ನಾರಾ ಕಡೆಯ ಹೋರ್ಯೂಜಿ ದೇವಾಲಯದ ನಿಧಿಗಳಿಗೆ ಅಂತಲೇ ಬೇರೆ ಕಟ್ಟಡ. 1878ರಲ್ಲಿ ಆ ದೇವಾಲಯ ಚಕ್ರವರ್ತಿ ಮನೆತನಕ್ಕೆ ಒಪ್ಪಿಸಿದ ವಸ್ತುಗಳು ಇವು. ಇವುಗಳಲ್ಲಿ ಸಂಸ್ಕೃತದ ತಾಳೆಗರಿ ಹಸ್ತಪ್ರತಿಯೂ ಒಂದು. ಅದನ್ನು ಯಾವಾಗಲೂ ಹೊರಗಿಡುವುದಿಲ್ಲ. ಆದರೆ ಸಾಲಾಗಿ ನಿಂತ ಪುಟ್ಟ ಕಂಚಿನ ಬುದ್ಧರನ್ನು ನೋಡಲೆಂದೇ ಹೋಗಬಹುದು. ಅಲ್ಲಿಂದ ಉದ್ಯಾನ ಇಳಿದರೆ ಶಿನೋಬಾಜು ಕೊಳ, ಕೊಳದ ನಡುವೆ ಬೆಂಜೈತೆನ್ ಗುಡಿ. ಜಪಾನಿನಲ್ಲಿ ಸರಸ್ವತಿಯ ಕೈಯಲ್ಲಿ ಸಾಮಾನ್ಯವಾಗಿ ವೀಣೆಯ ಬದಲು ಬೀವಾ ಅನ್ನುವ ತಂತಿವಾದ್ಯ ಇರುತ್ತದೆ. ಅಸಾಕುಸಾದ ಸೆನ್ಸೋಜಿ ದೇವಾಲಯಕ್ಕೆ ಎಲ್ಲರೂ ಹೋಗುತ್ತಾರೆ. ನಾವು ಅಲ್ಲಿಂದ ನಡೆದು ಮತ್ಸುಚಿಯಾಮಾ ಶೋದೆನ್‌ಗೂ ಹೋದೆವು. ಅದು ಕಾಂಗಿತೆನ್, ಅಂದರೆ ಗಣಪತಿಯ ಸ್ಥಾನ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ. ನೈವೇದ್ಯಕ್ಕೆ ಬಿಳಿ ಮೂಲಂಗಿ. ಅಲ್ಲೇ ಮಾರುತ್ತಾರೆ. "ಗರಿಕೆ ಇಲ್ಲಾಂದ್ರೆ ಮೂಲಂಗಿ. ಅವನಿಗೆ ಏನಾದರೂ ಆಗ್ತದೆ ಬಿಡೇ" ಅಂತ ಅಮ್ಮ ಒಂದು ಕೊಂಡು ಒಪ್ಪಿಸಿದಳು.

ಕ್ಯೋಟೋ ಯೋಜನೆಗೆ ನಾನು ಜಾಸ್ತಿ ಸಮಯ ಕೊಟ್ಟೆ. ಅಲ್ಲಿ ಮುಖ್ಯವಾದದ್ದು ದೂರ ಅಲ್ಲ, ಬಾಗಿಲು ಹಾಕುವ ಹೊತ್ತು. ನಮ್ಮ ದೇವಸ್ಥಾನಗಳು ಸಂಜೆ ಮತ್ತೆ ತೆರೆಯುತ್ತವೆ, ರಾತ್ರಿ ಮಂಗಳಾರತಿ ಇರುತ್ತದೆ. ಅಲ್ಲಿ ಬಹುತೇಕ ಬೌದ್ಧ ದೇವಾಲಯಗಳು ಸಂಜೆ ನಾಲ್ಕೂವರೆ, ಐದಕ್ಕೆ ಮುಚ್ಚುತ್ತವೆ. ಒಳಗೆ ಬಿಡುವುದು ಅದಕ್ಕೂ ಅರ್ಧ ಗಂಟೆ ಮುಂಚೆ ನಿಲ್ಲುತ್ತದೆ. ನವೆಂಬರ್‌ನಲ್ಲಿ ಐದಕ್ಕೆ ಕತ್ತಲೂ ಆಗುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಪ್ರತಿ ಜಾಗದ ಮುಂದೆ ತೆರೆಯುವ ಹೊತ್ತು, ಕೊನೆಯ ಪ್ರವೇಶ, ರಜೆ ದಿನ, ಮುಂಗಡ ಕಾಯ್ದಿರಿಸಬೇಕೇ ಅನ್ನುವುದನ್ನು ಬರೆದುಕೊಂಡೆ. ಆಮೇಲೆ ಮೂರು ಗುಂಪು ಮಾಡಿದೆ: ಬೆಳಗಿನ ಜಾವ ತೆರೆಯುವವು, ಹಗಲಿನವು, ಮುಚ್ಚದೇ ಇರುವವು. ಕಿಯೋಮಿಜು ದೇವಾಲಯ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಅದು ಮೊದಲ ಗುಂಪು. ಫುಶಿಮಿ ಇನಾರಿ ಗುಡಿಗೆ ಬಾಗಿಲೇ ಇಲ್ಲ, ರಾತ್ರಿಯೂ ಹೋಗಬಹುದು, ಅದು ಸಂಜೆಗೆ. ಈ ಒಂದು ಹಾಳೆ ನಮ್ಮ ದಿನವನ್ನು ಎಷ್ಟು ಉದ್ದ ಮಾಡಿತು ಅಂದರೆ, ಮಧ್ಯಾಹ್ನ ಅಮ್ಮ ಹೋಟೆಲ್‌ನಲ್ಲಿ ನಿದ್ದೆ ಮಾಡಿ ಎದ್ದು ಬರುತ್ತಿದ್ದಳು. ಕ್ಯೋಟೋದ ಬಸ್ಸುಗಳು ಕಿಕ್ಕಿರಿದಿರುತ್ತವೆ. ವಯಸ್ಸಾದವರ ಜೊತೆ ಇದ್ದರೆ ಮೆಟ್ರೋ, ಕೇಹಾನ್, ಜೆಆರ್ ರೈಲುಗಳನ್ನೇ ಹಿಡಿಯುವುದು ಮೇಲು.

ಹಗಲಿನ ಹೊತ್ತನ್ನು ಎರಡು ಜಾಗಗಳಿಗೆ ಧಾರಾಳವಾಗಿ ಕೊಟ್ಟೆ. ಒಂದು ತೋಜಿ. 823ರಲ್ಲಿ ಕೂಕಾಯ್ ಅನ್ನುವ ಸನ್ಯಾಸಿಗೆ ಒಪ್ಪಿಸಿದ ದೇವಾಲಯ. ಇಲ್ಲಿನ ಸಭಾಮಂಟಪದಲ್ಲಿ 21 ಮೂರ್ತಿಗಳ ಒಂದು ಮಂಡಲ ಇದೆ. ಒಂದು ತುದಿಯಲ್ಲಿ ನಾಲ್ಕು ಹಂಸಗಳ ಮೇಲೆ ಕೂತ ಬ್ರಹ್ಮ, ಇನ್ನೊಂದು ತುದಿಯಲ್ಲಿ ಆನೆಯ ಮೇಲೆ ಇಂದ್ರ. ಯಾರೂ ಹೇಳಿಕೊಡದೆ ಅಮ್ಮ ಇಬ್ಬರನ್ನೂ ಗುರುತಿಸಿದಳು. ಇನ್ನೊಂದು ಸಂಜೂಸಂಗೆಂದೋ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ, 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ 1001 ಕನ್ನೋನ್, ಅಂದರೆ ಅವಲೋಕಿತೇಶ್ವರ ಮೂರ್ತಿಗಳು. ಅವುಗಳ ಮುಂದೆ ಕಾವಲಿಗೆ ನಿಂತ 28 ದೇವತೆಗಳಲ್ಲಿ ಕೊಳಲು ಊದುವ ಗರುಡ ಇದ್ದಾನೆ, ಅಸುರ ಇದ್ದಾನೆ, ಎಲುಬು ಕಾಣುವಷ್ಟು ಬಡಕಲಾದ ಮುದಿ ಋಷಿ ವಸು ಇದ್ದಾನೆ. ಫೋಟೋ ತೆಗೆಯುವಂತಿಲ್ಲ. ಅದೇ ಒಳ್ಳೆಯದಾಯಿತು, ಎಲ್ಲರೂ ಕಣ್ಣಿಂದಲೇ ನೋಡುತ್ತಿದ್ದರು. ಕ್ಯೋಟೋದಲ್ಲಿ ಒಂದೇ ಜಾಗಕ್ಕೆ ಸಮಯ ಇದ್ದರೆ ನಾನು ಎಲ್ಲರೂ ನೋಡುವ ಚಿನ್ನದ ಮಂಟಪ (ಕಿಂಕಾಕುಜಿ) ಬಿಟ್ಟು ಇಲ್ಲಿಗೇ ಹೋಗು ಅನ್ನುತ್ತೇನೆ.

ನಾರಾಕ್ಕೆ ಎಲ್ಲರೂ ಕ್ಯೋಟೋದಿಂದ ಹಗಲು ಹೋಗಿ ಸಂಜೆ ವಾಪಸ್ಸು ಬರುತ್ತಾರೆ. ನಾವು ಅಲ್ಲೇ ರಾತ್ರಿ ಉಳಿದೆವು. ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿನ ತೋದೈಜಿ ದೇವಾಲಯದ ಮಹಾಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಅದಕ್ಕೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ಬೋಧಿಸೇನ, ಭಾರತದಿಂದ ಹೋದ ಸನ್ಯಾಸಿ. ಆ ಸಮಾರಂಭದ ವಸ್ತುಗಳೂ ಶೋಸೋಇನ್ ಭಂಡಾರದಲ್ಲಿವೆ. ಹಾಗಾಗಿ ಬೆಳಿಗ್ಗೆ ಬುದ್ಧ, ಮಧ್ಯಾಹ್ನ ಪ್ರದರ್ಶನ ಅಂತ ಇಟ್ಟುಕೊಂಡರೆ ಒಂದಕ್ಕೊಂದು ಅರ್ಥ ಕೊಡುತ್ತವೆ. ಸಂಜೆ ದಿನದ ಪ್ರವಾಸಿಗರೆಲ್ಲ ಹೊರಟ ಮೇಲೆ ತೋದೈಜಿಗೇ ಸೇರಿದ ನಿಗಾತ್ಸುದೋ ಮಂಟಪದ ಜಗಲಿ ಹತ್ತಿ. ಆ ಜಗಲಿಗೆ ಟಿಕೆಟ್ ಇಲ್ಲ, ಮುಚ್ಚುವ ಹೊತ್ತೂ ಇಲ್ಲ, ಇಡೀ ಊರು ಕೆಳಗೆ ಕಾಣುತ್ತದೆ. ಮರುದಿನ ಬೆಳಿಗ್ಗೆ ಹೋರ್ಯೂಜಿ. ಜಗತ್ತಿನಲ್ಲಿ ಈಗ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಅಜಂತಾದ ಚಿತ್ರಗಳನ್ನು ನೆನಪಿಸುತ್ತಿದ್ದ ಅಲ್ಲಿನ ಗೋಡೆಚಿತ್ರಗಳು 1949ರ ಬೆಂಕಿಯಲ್ಲಿ ಹಾಳಾದವು. ಅದನ್ನು ಓದಿಕೊಂಡು ಹೋಗಿದ್ದರಿಂದ ಆ ಮಂಟಪದೊಳಗೆ ನಿಂತಾಗ ನನಗೆ ನಿಜವಾಗಿ ಸಂಕಟವಾಯಿತು.

ಊಟದ ವಿಷಯ. ಸಸ್ಯಾಹಾರಿಗಳಿಗೆ ಮಾಂಸ ತಪ್ಪಿಸುವುದು ಕಷ್ಟ ಅಲ್ಲ, ದಾಶಿ ತಪ್ಪಿಸುವುದು ಕಷ್ಟ. ದಾಶಿ ಅಂದರೆ ಅಡುಗೆಯ ಮೂಲ ರಸ. ಹೆಚ್ಚಾಗಿ ಒಣ ಮೀನಿನ ಚೂರಿನಿಂದ ಮಾಡುತ್ತಾರೆ. ಮಿಸೋ ಸಾರು, ನೂಡಲ್ಸ್ ರಸ, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಇರುತ್ತದೆ. "ಮಾಂಸ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ" ಅಂತ ಜಪಾನಿಯಲ್ಲಿ ಅಚ್ಚು ಹಾಕಿಸಿದ ಚೀಟಿ ಇಟ್ಟುಕೊಂಡೆವು. ತೋರಿಸಿದ ಕಡೆಯೆಲ್ಲ ಒಳಗೆ ಹೋಗಿ ವಿಚಾರಿಸಿ, ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿದರು. ಟೋಕಿಯೋ ನಿಲ್ದಾಣದ ಒಳಗಿನ ಟೀಸ್ ತಂತನ್‌ನಲ್ಲಿ ಪೂರ್ತಿ ಸಸ್ಯಾಹಾರಿ ರಾಮೆನ್ ನೂಡಲ್ಸ್ ಸಿಗುತ್ತದೆ. ನಿಶಿಕಸಾಯ್ ಬಡಾವಣೆಯಲ್ಲಿ ಭಾರತದ ಐಟಿ ಕುಟುಂಬಗಳು ತುಂಬಾ ಇವೆ, ನಮ್ಮ ಕಡೆಯ ಊಟ ಅಲ್ಲಿ ಸಿಗುತ್ತದೆ. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ ಇದ್ದೇ ಇತ್ತು. ಬಿಸಿ ನೀರಿನ ಕೆಟಲ್ ಇರುವ ಕೋಣೆ ನೋಡಿಯೇ ಹೋಟೆಲ್ ಕಾದಿರಿಸಿದ್ದೆ.

ಕೋಯಾಸಾನ್‌ನಲ್ಲಿ ಈ ಚಿಂತೆಯೇ ಇಲ್ಲ. 816ರಲ್ಲಿ ಕೂಕಾಯ್ ಕಟ್ಟಿದ ಬೆಟ್ಟದ ಮಠಗಳ ಊರು ಅದು. ಸುಮಾರು 50 ಮಠಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಊಟ ಶೋಜಿನ್ ರ್ಯೋರಿ, ಅಂದರೆ ಮಠದ ಸಸ್ಯಾಹಾರಿ ಅಡುಗೆ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆದರೂ ಕಾಯ್ದಿರಿಸುವಾಗ ದಾಶಿ ಬಗ್ಗೆ ಬರೆದು ಖಚಿತ ಮಾಡಿಕೊಂಡೆ. ರಾತ್ರಿ ಊಟ ಐದೂವರೆ, ಆರಕ್ಕೇ ಬಡಿಸುತ್ತಾರೆ. ಹಾಗಾಗಿ ಮಧ್ಯಾಹ್ನದೊಳಗೆ ತಲುಪಬೇಕು. ನಾರಾದಿಂದ ಜೆಆರ್ ರೈಲಿನಲ್ಲಿ ಶಿನ್-ಇಮಾಮಿಯಾ, ಅಲ್ಲಿ ನಾನ್ಕಾಯ್ ರೈಲು ಹಿಡಿದು ಗೊಕುರಾಕುಬಾಶಿ, ಅಲ್ಲಿಂದ ಕೇಬಲ್ ಕಾರ್, ಆಮೇಲೆ ಬಸ್. ಇಷ್ಟು ಕಡೆ ದೊಡ್ಡ ಸೂಟ್‌ಕೇಸ್ ಎಳೆಯುವುದು ಬೇಡ. ಯಾಮಾತೋ ಕಂಪನಿಯ ತಕ್ಯೂಬಿನ್ ಸೇವೆಯಲ್ಲಿ, ಕಪ್ಪು ಬೆಕ್ಕಿನ ಗುರುತಿನದು, ಹೋಟೆಲ್‌ನಿಂದ ಹೋಟೆಲ್‌ಗೆ ಪೆಟ್ಟಿಗೆ ಕಳಿಸಬಹುದು. ಕ್ಯೋಟೋದಿಂದಲೇ ಒಸಾಕಾ ಹೋಟೆಲ್‌ಗೆ ಕಳಿಸಿಬಿಟ್ಟು, ನಾರಾ ಮತ್ತು ಕೋಯಾಸಾನ್‌ಗೆ ಬೆನ್ನಿನ ಚೀಲ ಮಾತ್ರ ಹೊತ್ತೆವು. ಹೋಟೆಲ್‌ಗೆ ಮೊದಲೇ ತಿಳಿಸಿ, ನಾವು ಬರುವ ದಿನಾಂಕವನ್ನು ಚೀಟಿಯಲ್ಲಿ ಬರೆಸಿ.

ಅಲ್ಲಿ ಓಕುನೋಇನ್ ಅನ್ನುವ ಸ್ಮಶಾನದ ದಾರಿ ಇದೆ. ದೇವದಾರಿನಂಥ ಎತ್ತರದ ಮರಗಳ ನಡುವೆ ಎರಡು ಕಿಲೋಮೀಟರ್, ಅಕ್ಕಪಕ್ಕ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಕೊನೆಗೆ ಕೂಕಾಯ್ ಇರುವ ಜಾಗ. ಅವರು 835ರಲ್ಲಿ ತೀರಿಕೊಂಡರು ಅಂತ ಭಕ್ತರು ಹೇಳುವುದಿಲ್ಲ, ಧ್ಯಾನದಲ್ಲಿದ್ದಾರೆ ಅನ್ನುತ್ತಾರೆ. ಇವತ್ತಿಗೂ ದಿನಕ್ಕೆರಡು ಸಲ ಅವರಿಗೆ ಊಟ ಹೊತ್ತು ತರುತ್ತಾರೆ. "ರಾಯರು ಬೃಂದಾವನದಲ್ಲಿ ಇಲ್ವೇನೇ, ಹಾಗೆ" ಅಂದಳು ಅಮ್ಮ. ನಾನು ಓದಿದ್ದಕ್ಕಿಂತ ಚೆನ್ನಾಗಿ ಅವಳಿಗೆ ಅರ್ಥವಾಗಿತ್ತು. ಬೆಳಿಗ್ಗೆ ಕೆಲವು ಮಠಗಳಲ್ಲಿ ಗೊಮಾ ನಡೆಯುತ್ತದೆ, ನಮ್ಮ ಹೋಮವೇ. ಅದು ನೋಡಬೇಕಿದ್ದರೆ ಅಂಥ ಮಠವನ್ನೇ ಹುಡುಕಿ ಕೋಣೆ ಹಿಡಿಯಬೇಕು. ಬೆಟ್ಟ ಸುಮಾರು 800 ಮೀಟರ್ ಎತ್ತರ, ನವೆಂಬರ್ ರಾತ್ರಿ ಚಳಿ ಜೋರು. ಸ್ವೆಟರ್, ಉಣ್ಣೆ ಕಾಲುಚೀಲ ಆ ಸಣ್ಣ ಚೀಲದಲ್ಲೇ ಇರಲಿ.

ಕೊನೆಗೆ ಒಸಾಕಾ, ಬುನ್ರಾಕು ಗೊಂಬೆಯಾಟಕ್ಕಾಗಿ. 1984ರಲ್ಲಿ ಶುರುವಾದ ರಾಷ್ಟ್ರೀಯ ಬುನ್ರಾಕು ರಂಗಮಂದಿರದಲ್ಲಿ ವರ್ಷಪೂರ್ತಿ ಆಟ ಇರುವುದಿಲ್ಲ. ನವೆಂಬರ್ ಆಟದ ತಿಂಗಳು, ನಾನು ಕಾಲ ಆರಿಸುವಾಗ ಇದನ್ನೂ ನೋಡಿಕೊಂಡಿದ್ದೆ. ಒಂದು ಮುಖ್ಯ ಗೊಂಬೆಯನ್ನು ಮೂವರು ಆಡಿಸುತ್ತಾರೆ. ಬದಿಯಲ್ಲಿ ಕೂತ ಒಬ್ಬನೇ ಹಾಡುಗಾರ ಎಲ್ಲ ಪಾತ್ರಗಳ ಮಾತನ್ನೂ ಹೇಳುತ್ತಾನೆ, ಪಕ್ಕದಲ್ಲಿ ಶಾಮಿಸೆನ್ ವಾದ್ಯ. ಶುರು ಮಾಡುವ ಮುಂಚೆ ಅವನು ಪ್ರಸಂಗದ ಪುಸ್ತಕವನ್ನು ಎತ್ತಿ ನಮಸ್ಕರಿಸುತ್ತಾನೆ. ಭಾಗವತರ ಪದ ಕೇಳಿ ಬೆಳೆದ ಅಮ್ಮನಿಗೆ ಗೊಂಬೆಗಿಂತ ಅವನ ಮೇಲೇ ಕಣ್ಣು. ಆಟ ಗಂಟೆಗಟ್ಟಲೆ ನಡೆಯುತ್ತದೆ, ದಿನಕ್ಕೆ ಬೇರೆ ಬೇರೆ ಭಾಗಗಳಿರುತ್ತವೆ. ಒಂದು ಭಾಗಕ್ಕೆ ಮಾತ್ರ ಟಿಕೆಟ್ ತೆಗೆದುಕೊಂಡರೆ ಸಾಕು. ಸಾಧ್ಯವಾದರೆ ಹಾಡುಗಾರನ ವೇದಿಕೆ ಇರುವ ಬಲಬದಿಯ ಸೀಟು ಹಿಡಿಯಿರಿ, ಕತೆಯ ಸಾರಾಂಶ ಮೊದಲೇ ಓದಿಕೊಂಡು ಹೋಗಿ.