ಖಾರದ ಊಟಕ್ಕೆ ವೈನ್ ಆರಿಸುವಾಗ
ಶಿವಮೊಗ್ಗದ ನಮ್ಮ ವೈನ್ ಗುಂಪಿಗೆ ಹೊಸದಾಗಿ ಸೇರಿದವರಿಗೆ ಒಂದು ಮಾತು. ಬಾಟಲಿಯ ಬೆಲೆ ಆಮೇಲೆ, ಮೊದಲು ತಟ್ಟೆಯಲ್ಲಿ ಏನಿದೆ ನೋಡಿ. ಕಳೆದ ಸಲ ನಮ್ಮನೆಯಲ್ಲಿ ಕಡುಬು, ಕೋಳಿ ಸಾರು ಮಾಡಿ ಕ್ಯಾಬರ್ನೆ ಸವಿನ್ಯೋನ್ ಅನ್ನುವ ಗಟ್ಟಿ ಕೆಂಪು ವೈನ್ ತೆಗೆದೆ. ಎರಡನೇ ಗುಟುಕಿಗೇ ಎಲ್ಲರೂ ನೀರು ಕೇಳಿದರು! ಮದ್ಯಸಾರ ಜಾಸ್ತಿ ಇದ್ದಷ್ಟೂ ಖಾರ ಜಾಸ್ತಿ ಅನಿಸುತ್ತದೆ, ಜೊತೆಗೆ ಕೆಂಪು ವೈನಿನಲ್ಲಿ ಟ್ಯಾನಿನ್ ಇರುತ್ತದೆ, ಹಸಿ ಅಡಿಕೆ ಅಗಿದಾಗ ಬಾಯಿ ಒಗರಾಗಿ ಒಣಗುತ್ತದಲ್ಲ, ಅದೇ ಒಗರು, ಅದು ಉರಿಯನ್ನು ಇನ್ನೂ ಕೆದಕುತ್ತದೆ. ಅದೇ ಸಾರಿಗೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನನ್ನು 8-10 ಡಿಗ್ರಿಗೆ ತಣ್ಣಗೆ ಮಾಡಿ ಕುಡಿದು ನೋಡಿ, ಖಾರ ಎಷ್ಟು ಹದವಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಹುಳಿ ಹಾಕಿದ ಮೀನು ಸಾರಿಗೆ ಸವಿನ್ಯೋನ್ ಬ್ಲಾಂಕ್ ತನ್ನಿ, ಅದು ಹುಳಿ ಜಾಸ್ತಿ ಇರುವ ಬಿಳಿ ವೈನ್. ಸಾರಿಗಿಂತ ವೈನಿನಲ್ಲಿ ಹುಳಿ ಕಮ್ಮಿ ಇದ್ದರೆ ವೈನ್ ಸುಮ್ನೆ ಸಪ್ಪೆ ಅನಿಸುತ್ತದೆ. ಮಳೆಗಾಲದ ಅಣಬೆ ಪಲ್ಯಕ್ಕೆ ಮಾತ್ರ ಕೆಂಪೇ ಚೆಂದ, ಒಗರು ಕಮ್ಮಿ ಇರುವ ಪಿನೋ ನ್ವಾರ್ ಸಿಕ್ಕರೆ ಬಿಡಬೇಡಿ.

ಮೊದಲು ಒಂದು ಗುಟುಕು, ಆಮೇಲೆ ಒಂದು ತುತ್ತು, ಮತ್ತೆ ಒಂದು ಗುಟುಕು. ಎರಡನೇ ಗುಟುಕಿನಲ್ಲಿ ಏನು ಬದಲಾಯಿತು ಅಂತ ಅಲ್ಲೇ ಬರೆದಿಡಿ. ಒಬ್ಬರಿಗೆ 50 ಮಿಲಿ ಸಾಕು. ಗಾಡಿ ಓಡಿಸುವವರು ಅದನ್ನೂ ಮುಟ್ಟಬೇಡಿ, ಆಯ್ತಾ?